ನಿಮಗಿದು ಗೊತ್ತೇ?: ಲಿಂಗದ ಕಾಲಂ ತುಂಬುವವರು ಯಾರು?

■ 2014ರ ಏಪ್ರಿಲ್ 15ರಂದು ನಮ್ಮ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಲಿಂಗದ ಆಧಾರದ ಮೇಲೆ ತಾರತಮ್ಯ ಕೂಡದು ಎಂದು ಸಂವಿಧಾನದ 15 ಮತ್ತು 16ನೇ ವಿಧಿಗಳು ಹೇಳುತ್ತವಲ್ಲ, ಅಲ್ಲಿ ದೇಹದ ಗುರುತಷ್ಟೇ ಅಲ್ಲ, ಒಬ್ಬ ವ್ಯಕ್ತಿ ಒಳಗಿನಿಂದ ತನ್ನನ್ನು ಏನೆಂದು ಅರಿತುಕೊಂಡಿದ್ದಾರೋ ಆ ಗುರುತೂ ಸೇರುತ್ತದೆ ಎಂದಿತು. ಸರಿಯಾಗಿ ಹನ್ನೊಂದು ವರ್ಷ ಒಂದು ದಿನ ಕಳೆದು, 2025ರ ಏಪ್ರಿಲ್ 16ರಂದು, ಬ್ರಿಟನ್ನಿನ ಸುಪ್ರೀಂ ಕೋರ್ಟ್ ತನ್ನ ದೇಶದ 2010ರ ಸಮಾನತೆ ಕಾಯ್ದೆಯನ್ನು ಓದಿ ಬೇರೆಯದೇ ಮಾತು ಹೇಳಿತು: ಈ ಕಾಯ್ದೆಯ ಮಟ್ಟಿಗೆ ಹೆಣ್ಣೆಂದರೆ ಹುಟ್ಟಿನಿಂದ ಹೆಣ್ಣಾದವಳು.

ಎರಡೂ ಕಡೆ ನ್ಯಾಯಮೂರ್ತಿಗಳ ನಡುವೆ ಭಿನ್ನಮತ ಇರಲಿಲ್ಲ. ಎರಡೂ ಕಡೆ ಎದುರಿಗಿದ್ದ ಪ್ರಶ್ನೆಯೂ ಒಂದೇ. ಗಂಡು, ಹೆಣ್ಣು, ಇತರೆ ಎಂಬ ಚೌಕಗಳಲ್ಲಿ ಯಾವುದಕ್ಕೆ ಟಿಕ್ ಹಾಕಬೇಕೆಂದು ತೀರ್ಮಾನಿಸುವವರು ಯಾರು? ಆ ವ್ಯಕ್ತಿಯೇ, ಡಾಕ್ಟರೇ, ಜಿಲ್ಲಾಧಿಕಾರಿಯೇ, ಕೋರ್ಟೇ? ಟಿವಿಯಲ್ಲಿ ಕೂಗಾಡುವವರಲ್ಲಿ ಬಹಳ ಜನ ಇಷ್ಟು ಸರಳವಾಗಿ ಈ ಪ್ರಶ್ನೆಯನ್ನು ಕೇಳಿಕೊಂಡಿರುವುದಿಲ್ಲ.

■ ನಮ್ಮಲ್ಲಿ ಆ ಚೌಕವನ್ನು ಮೊದಲು ತುಂಬಿದವರು ಪೊಲೀಸರು. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಹೆಸರನ್ನು ಎಲ್ಲರೂ ಕೇಳಿದ್ದೇವೆ. ಅದರ ಎರಡನೇ ಭಾಗ ಪೂರ್ತಿಯಾಗಿ ಹಿಜಡಾಗಳ ಮೇಲಿತ್ತು ಎಂಬುದು ಅನೇಕರಿಗೆ ತಿಳಿದಿಲ್ಲ. ಮಕ್ಕಳನ್ನು ಅಪಹರಿಸುತ್ತಾರೆ ಎಂದೋ, 'ಅಸ್ವಾಭಾವಿಕ' ಲೈಂಗಿಕ ಕ್ರಿಯೆಗೆ ಶಿಕ್ಷೆ ವಿಧಿಸುತ್ತಿದ್ದ ದಂಡ ಸಂಹಿತೆಯ 377ನೇ ಕಲಂ ಮೀರುತ್ತಾರೆ ಎಂದೋ ಸಂಶಯ ಬಂದರೆ ಸಾಕು, ಅವರ ಹೆಸರು ಮತ್ತು ವಿಳಾಸ ಸರ್ಕಾರಿ ರಿಜಿಸ್ಟರಿಗೆ ಏರುತ್ತಿತ್ತು. ಏರಿದ ಮೇಲೆ ಬೀದಿಯಲ್ಲಿ ಹೆಣ್ಣಿನ ಉಡುಗೆ ತೊಟ್ಟು ಕಾಣಿಸಿಕೊಂಡರೆ, ಕುಣಿದರೆ, ವಾದ್ಯ ನುಡಿಸಿದರೆ ವಾರಂಟ್ ಇಲ್ಲದೆ ಬಂಧನ, ಎರಡು ವರ್ಷದವರೆಗೆ ಜೈಲು. ಅವರು ಉಯಿಲು ಬರೆಯುವಂತಿರಲಿಲ್ಲ, ದಾನಪತ್ರ ಮಾಡುವಂತಿರಲಿಲ್ಲ, ದತ್ತು ತೆಗೆದುಕೊಳ್ಳುವಂತಿರಲಿಲ್ಲ. ಕುಣಿದು ಹಾಡಿ ಹೊಟ್ಟೆ ಹೊರೆಯುವವರಿಗೆ ಕುಣಿತ ಹಾಡುಗಳನ್ನೇ ಅಪರಾಧ ಮಾಡಿದರೆ ಅವರು ಬದುಕುವುದು ಹೇಗೆ? ಆ ಕಾಯ್ದೆಯ ಉದ್ದೇಶವೇ ಅವರು ಬದುಕದಿರಲಿ ಎಂಬುದಾಗಿತ್ತು ಎಂದು ನನಗನ್ನಿಸುತ್ತದೆ.

■ ಬ್ರಿಟಿಷ್ ಇಂಡಿಯಾದಲ್ಲಿ ಹಿಜಡಾಗಳ ಮೇಲಿನ ಆ ಭಾಗ 1911ರ ಹೊಸ ಕಾಯ್ದೆಯ ಹೊತ್ತಿಗೆ ಬಿದ್ದುಹೋಯಿತು. ಆದರೆ ನಿಜಾಮರ ಹೈದರಾಬಾದ್ ಸಂಸ್ಥಾನ 1919ರಲ್ಲಿ, ಫಸಲಿ 1329ರಲ್ಲಿ, ಅದೇ ಅಚ್ಚಿನ ತನ್ನದೇ ಕಾಯ್ದೆ ತಂದಿತು. ಆಗ ಬೀದರ್, ಕಲಬುರಗಿ, ರಾಯಚೂರುಗಳೂ ಆ ಸಂಸ್ಥಾನದೊಳಗೇ ಇದ್ದವು. ಸಂಸ್ಥಾನ ಹೋಯಿತು, ರಾಜ್ಯಗಳು ಒಡೆದವು, ಕೂಡಿದವು, ಮತ್ತೆ ಒಡೆದವು. ಕಾಯ್ದೆ ಮಾತ್ರ ತೆಲಂಗಾಣದ ಪುಸ್ತಕಗಳಲ್ಲಿ ಉಳಿದೇ ಇತ್ತು. ತೆಲಂಗಾಣ ಹೈಕೋರ್ಟ್ ಅದನ್ನು ಅಸಾಂವಿಧಾನಿಕ ಎಂದು ರದ್ದು ಮಾಡಿದ್ದು 2023ರ ಜುಲೈನಲ್ಲಿ.

■ ನಾವು ಕರ್ನಾಟಕದವರು ಇದನ್ನು ಓದಿ ನೆಮ್ಮದಿಯ ಉಸಿರು ಬಿಡುವಂತಿಲ್ಲ. 2011ರಲ್ಲಿ, ಹೌದು, ಸ್ವಾತಂತ್ರ್ಯ ಬಂದು ಅರವತ್ತು ವರ್ಷ ದಾಟಿದ ಮೇಲೆ, ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಹೊಸ ಕಲಂ ಸೇರಿತು. ಅಪಹರಣ, ಅಸ್ವಾಭಾವಿಕ ಅಪರಾಧಗಳ ಸಂಶಯವಿರುವ ಹಿಜಡಾಗಳ ಹೆಸರು, ವಿಳಾಸಗಳ ರಿಜಿಸ್ಟರ್ ಇಡುವ ಅಧಿಕಾರ ಪೊಲೀಸರಿಗೆ ಸಿಕ್ಕಿತು. 1871ರ ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಸಾಲುಗಳು ಒಂದರ ಮೇಲೊಂದು ಕೂರುತ್ತವೆ. ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆಗಳು ಹೈಕೋರ್ಟಿಗೆ ಹೋದವು. ಪ್ರಕರಣ ನಡೆಯುತ್ತಿದ್ದಾಗಲೇ ಸರ್ಕಾರ ತಿದ್ದುಪಡಿ ತಂದು, ಒಂದು ಸಮುದಾಯವನ್ನು ಹೆಸರಿಸುತ್ತಿದ್ದ ಪದ ತೆಗೆದು 'ವ್ಯಕ್ತಿಗಳು' ಎಂದು ಹಾಕಿತು. ಈ ಕಲಂ ವಿಧಾನಸಭೆಯಲ್ಲಿ ಸದ್ದಿಲ್ಲದೆ ಪಾಸಾದಾಗ ನಾವು ಪತ್ರಿಕೆಯವರೂ ಅದನ್ನು ಗಮನಿಸಲಿಲ್ಲವಲ್ಲ ಎಂಬ ಬೇಸರ ನನಗೆ ಈಗಲೂ ಇದೆ.

■ ಬೆಂಗಳೂರಿನ ಬೀದಿ, ಪೊಲೀಸ್ ಠಾಣೆಗಳಲ್ಲಿ ಹಿಜಡಾ ಮತ್ತು ಕೋತಿ (ಹೆಣ್ಣಿನ ನಡೆನುಡಿಯ ಗಂಡಸರು) ಸಮುದಾಯದವರಿಗೆ ಆಗುತ್ತಿದ್ದ ಹಿಂಸೆಯನ್ನು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2003ರಲ್ಲಿ ಒಂದು ವರದಿಯಾಗಿ ದಾಖಲಿಸಿತು. ಆರು ವರ್ಷದ ನಂತರ, 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ 377ನೇ ಕಲಮಿನ ಬಗ್ಗೆ ಕೊಟ್ಟ ಪ್ರಸಿದ್ಧ ತೀರ್ಪಿನಲ್ಲಿ ಅದೇ ವರದಿ ಉಲ್ಲೇಖಗೊಂಡಿತು. ಹೊಡೆತ ತಿಂದವರು ಧೈರ್ಯ ಮಾಡಿ ಹೇಳಿಕೊಂಡ ಮಾತು ದೇಶದ ಕಾನೂನಿನ ದಾಖಲೆ ಸೇರಿದ್ದು ಹೀಗೆ.

■ ಆಧಾರ್ ಕಾರ್ಡಿಗೂ 377ನೇ ಕಲಮಿಗೂ ಏನು ಸಂಬಂಧ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣ ಬೆಳೆದು, ಖಾಸಗಿತನ ಮೂಲಭೂತ ಹಕ್ಕೇ ಎಂಬ ಪ್ರಶ್ನೆಯಾಗಿ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. 2017ರ ಆಗಸ್ಟ್ 24ರಂದು ಪೀಠ 'ಹೌದು' ಎಂದಿತು. ಅದೇ ತೀರ್ಪಿನಲ್ಲಿ, 377ನೇ ಕಲಮನ್ನು ಎತ್ತಿಹಿಡಿದಿದ್ದ 2013ರ ತೀರ್ಪಿನ ತರ್ಕ ಸರಿಯಲ್ಲ ಎಂಬ ಮಾತೂ ಬಂತು. ಮರುವರ್ಷ, 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲ ಎಂದು ಐವರು ನ್ಯಾಯಮೂರ್ತಿಗಳು ಹೇಳುವಾಗ ಆ ಮಾತೇ ಆಧಾರವಾಯಿತು.

■ ಸವದತ್ತಿ ಎಲ್ಲಮ್ಮನ ಜೋಗಪ್ಪಗಳ ಹೆಸರು ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿದೆ. 2014ರ ಆ ತೀರ್ಪು ಹಿಜಡಾ, ಕೋತಿ, ಅರವಾಣಿ, ಶಿವಶಕ್ತಿ ಎಂದು ದೇಶದ ನಾನಾ ಸಮುದಾಯಗಳನ್ನು ಪರಿಚಯಿಸುತ್ತಾ, ರೇಣುಕಾದೇವಿಗೆ ಅರ್ಪಿತರಾದ ಜೋಗತ, ಜೋಗಪ್ಪಗಳನ್ನೂ ವಿವರಿಸುತ್ತದೆ.

ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ, ಚೌಡಿಕೆ ಹಿಡಿದು ಮನೆಮನೆಯ ಮುಂದೆ ಎಲ್ಲಮ್ಮನ ಪದ ಹೇಳುವ ಇವರನ್ನು ಉತ್ತರ ಕರ್ನಾಟಕದ ಊರುಗಳು ಕಾಲದಿಂದ ಬಲ್ಲವು. ದೇವರ ಹೆಸರಿನಲ್ಲಿ ಕಾಲಿಗೆ ಬೀಳುವ ಜನವೇ ಬಾಡಿಗೆಗೆ ಮನೆ ಕೇಳಿದರೆ ಬಾಗಿಲು ಹಾಕಿದ್ದುಂಟು. ಈ ಎರಡೂ ನಡತೆ ಒಂದೇ ಊರಿನದು.

ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಆ ಸ್ಥಾನಕ್ಕೇರಿದ ಮೊದಲ ಲಿಂಗತ್ವ ಅಲ್ಪಸಂಖ್ಯಾತರು ಅವರೇ. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದಾಗ ಅವರು ಮಾಡಿದ್ದನ್ನು ವಿಡಿಯೊದಲ್ಲಿ ನೀವೂ ನೋಡಿರಬಹುದು. ರಾಮನಾಥ ಕೋವಿಂದರ ಎದುರು ನಿಂತು, ಸೀರೆಯ ಸೆರಗು ಹಿಡಿದು, ಮನೆಯ ಮಗನಿಗೆ ತೆಗೆಯುವ ಹಾಗೆ ದೃಷ್ಟಿ ತೆಗೆದರು. ರಾಷ್ಟ್ರಪತಿಗಳು ನಗುತ್ತಾ ನಿಂತರು, ಸಭಾಂಗಣ ಚಪ್ಪಾಳೆ ತಟ್ಟಿತು. ದೇಶದ ಪ್ರಥಮ ಪ್ರಜೆಗೆ ತಗುಲಿದ ದೃಷ್ಟಿಯನ್ನು ತೆಗೆಯುವ ಹಕ್ಕು ತನಗಿದೆಯೇ ಎಂದು ಆ ತಾಯಿ ಒಂದು ಕ್ಷಣವೂ ಅನುಮಾನಪಡಲಿಲ್ಲ. ಮಂಜಮ್ಮನ ಬದುಕಿನ ಕಥೆ 'ನಡುವೆ ಸುಳಿವ ಹೆಣ್ಣು' ಎಂಬ ಹೆಸರಿನಲ್ಲಿ ಪುಸ್ತಕವಾಗಿದೆ. ಹುಡುಕಿ ಓದಿ.

■ ಜೋಗಪ್ಪಗಳ ಬಗ್ಗೆ ಇನ್ನೊಂದು ವಿಷಯ. ದೇವದಾಸಿ ಪದ್ಧತಿಯನ್ನು ನಿಷೇಧಿಸಿದ ನಮ್ಮ 1982ರ ಕಾಯ್ದೆ ದೇವದಾಸಿಯನ್ನು ಹೆಣ್ಣು ಎಂದೇ ವ್ಯಾಖ್ಯಾನಿಸುತ್ತದೆ. ಗಂಡುಮಗುವಾಗಿ ಹುಟ್ಟಿ ಮುತ್ತು ಕಟ್ಟಿಸಿಕೊಂಡವರು ಆ ವ್ಯಾಖ್ಯಾನದ ಹೊರಗೆ. ಕಾಯ್ದೆ ಬರೆದವರ ಕಣ್ಣಿಗೆ ಅವರು ಬೀಳಲೇ ಇಲ್ಲ.

■ ಜನಗಣತಿಯಲ್ಲಿ ಗಂಡಿಗೆ 1, ಹೆಣ್ಣಿಗೆ 2 ಎಂಬ ಸಂಕೇತಗಳ ಜೊತೆ 'ಇತರೆ'ಗೆ 3 ಎಂದು ಸೇರಿದ್ದು 2011ರಲ್ಲಿ. ಆಗ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕವರು 4,87,803 ಮಂದಿ, ಕರ್ನಾಟಕದಲ್ಲಿ 20,266. ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚೆಂದು ಸಮುದಾಯದವರು ಹೇಳುತ್ತಲೇ ಬಂದಿದ್ದಾರೆ. ಗಣತಿದಾರರು ಬಾಗಿಲಿಗೆ ಬಂದಾಗ ಉತ್ತರ ಕೊಡುವವರು ಮನೆಯ ಯಜಮಾನರು, ಮಗನೋ ಮಗಳೋ ಒಳಗೆ ಕುಳಿತು ಕೇಳಿಸಿಕೊಳ್ಳಬೇಕು. ಆ ಲೆಕ್ಕದಲ್ಲೇ ನನ್ನನ್ನು ತಡೆದು ನಿಲ್ಲಿಸಿದ ಇನ್ನೊಂದು ಅಂಕಿ ಇದೆ: 'ಇತರೆ' ಎಂದು ಬರೆಸಿಕೊಂಡವರಲ್ಲಿ 54,854 ಜನ ಆರು ವರ್ಷ ಮತ್ತು ಅದಕ್ಕಿಂತ ಕೆಳಗಿನ ಮಕ್ಕಳು. ಅವರ ಚೌಕಕ್ಕೆ ಟಿಕ್ ಹಾಕಿದ್ದು ಮಕ್ಕಳಲ್ಲ, ಮನೆಯವರು.

■ ಅಂತರಲಿಂಗಿ ಶಿಶುಗಳು, ಅಂದರೆ ಹುಟ್ಟುವಾಗಲೇ ದೇಹದ ಗುರುತು ಗಂಡು ಹೆಣ್ಣೆಂದು ಸ್ಪಷ್ಟವಾಗಿರದ ಮಕ್ಕಳು, ಬೇರೆಯೇ ವಿಷಯ. ಅವರನ್ನು ಟ್ರಾನ್ಸ್‌ಜೆಂಡರ್ ಎಂಬ ಒಂದೇ ಹೆಸರಿನಡಿ ಸೇರಿಸಿಬಿಡುವುದರಿಂದ ಚರ್ಚೆ ದಾರಿ ತಪ್ಪುತ್ತದೆ. ಹೆತ್ತವರು ಆತಂಕದಿಂದ, ನೆಂಟರ ಬಾಯಿಗೆ ಹೆದರಿ ಇಂಥ ಮಕ್ಕಳಿಗೆ ಅವಸರದಲ್ಲಿ ಆಪರೇಷನ್ ಮಾಡಿಸುವುದು ಲೋಕದ ಎಲ್ಲ ಕಡೆ ನಡೆದು ಬಂದಿದೆ. ದೊಡ್ಡವರಾದ ಮೇಲೆ 'ನನ್ನನ್ನು ಕೇಳಲಿಲ್ಲವಲ್ಲ' ಎಂದು ನೊಂದವರಿದ್ದಾರೆ. 2015ರಲ್ಲಿ ಮಾಲ್ಟಾ ಇದನ್ನು ನಿಷೇಧಿಸಿದ ಮೊದಲ ದೇಶವಾಯಿತು. 2019ರಲ್ಲಿ ನಮ್ಮ ಪಕ್ಕದ ತಮಿಳುನಾಡು, ಜೀವಕ್ಕೆ ಅಪಾಯವಿದ್ದರೆ ಹೊರತು ಶಿಶುಗಳಿಗೆ ಇಂಥ ಶಸ್ತ್ರಚಿಕಿತ್ಸೆ ಕೂಡದು ಎಂದು ಆದೇಶ ಹೊರಡಿಸಿತು.

ಆ ಆದೇಶದ ಹುಟ್ಟು ಒಂದು ಮದುವೆಯಲ್ಲಿದೆ! ತೂತುಕುಡಿಯ ದೇವಸ್ಥಾನದಲ್ಲಿ ಒಬ್ಬ ಯುವಕ, ಒಬ್ಬ ಟ್ರಾನ್ಸ್ ಮಹಿಳೆ ಮದುವೆಯಾದರು. ನೋಂದಣಿ ಮಾಡಲು ಅಧಿಕಾರಿ ಒಪ್ಪಲಿಲ್ಲ. ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ 2019ರ ಏಪ್ರಿಲಿನಲ್ಲಿ, ಹಿಂದೂ ವಿವಾಹ ಕಾಯ್ದೆಯ 'ವಧು'ವಿನಲ್ಲಿ ಟ್ರಾನ್ಸ್ ಮಹಿಳೆಯೂ ಸೇರುತ್ತಾಳೆ ಎಂದರು. ಅದೇ ತೀರ್ಪಿನ ಕೊನೆಯಲ್ಲಿ ಶಿಶುಗಳ ಶಸ್ತ್ರಚಿಕಿತ್ಸೆ ನಿಲ್ಲಿಸಿ ಎಂದು ಸರ್ಕಾರಕ್ಕೆ ಸೂಚಿಸಿದರು.

■ ಸಲಿಂಗ ವಿವಾಹದ ಪ್ರಕರಣದಲ್ಲಿ, 2023ರ ಅಕ್ಟೋಬರ್ 17ರಂದು, ಸುಪ್ರೀಂ ಕೋರ್ಟಿನ ಪೀಠ ಮೂರು-ಎರಡು ಎಂದು ಒಡೆಯಿತು. ಹಾಗಿದ್ದರೂ ಒಂದು ವಿಷಯದಲ್ಲಿ ಐವರೂ ಒಂದಾಗಿದ್ದರು: ಗಂಡು-ಹೆಣ್ಣು ಸಂಬಂಧದಲ್ಲಿರುವ ಟ್ರಾನ್ಸ್ ವ್ಯಕ್ತಿ ಈಗಿರುವ ಕಾನೂನಿನ ಅಡಿಯಲ್ಲೇ ಮದುವೆಯಾಗಬಹುದು. ಅಂದಿನ ಸುದ್ದಿಯ ಗದ್ದಲದಲ್ಲಿ ಇದು ಮುಳುಗಿಹೋಯಿತು.

■ 2014ರ ತೀರ್ಪಿಗೆ ಎಷ್ಟೋ ಮೊದಲೇ ಹಿಜಡಾ ಸಮುದಾಯದ ಶಬ್ನಂ ಮೌಸಿ ಮಧ್ಯಪ್ರದೇಶದ ಸೋಹಾಗ್‌ಪುರದಿಂದ ಶಾಸಕಿಯಾಗಿ ಗೆದ್ದರು. ಆಸುಪಾಸಿನಲ್ಲೇ ಅದೇ ರಾಜ್ಯದ ಕಟನಿಯಲ್ಲಿ ಅದೇ ಸಮುದಾಯದ ಕಮಲಾ ಜಾನ್ ಮೇಯರ್ ಆದರು. ಆ ಸ್ಥಾನ ಮಹಿಳೆಯರಿಗೆ ಮೀಸಲು. ಸೋತವರು ಕೋರ್ಟಿಗೆ ಹೋದರು. ಕಮಲಾ ಕಾನೂನಿನ ಪ್ರಕಾರ ಗಂಡು ಎಂದು ತೀರ್ಪಾಗಿ ಕುರ್ಚಿ ಹೋಯಿತು. ಊರಿನ ಮತದಾರರು ಆರಿಸಿದ್ದು ಯಾರನ್ನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಮೋಸ ಹೋದವರು ಯಾರೂ ಇರಲಿಲ್ಲ. 2015ರಲ್ಲಿ ಛತ್ತೀಸ್‌ಗಢದ ರಾಯಗಢದಲ್ಲಿ ಮಧು ಕಿನ್ನರ್ ಮೇಯರ್ ಆಗುವ ಹೊತ್ತಿಗೆ 2014ರ ತೀರ್ಪು ಬಂದಾಗಿತ್ತು.

■ ರಾಜ್ಯಸಭೆಯಲ್ಲಿ 45 ವರ್ಷಗಳ ನಂತರ ಪಾಸಾದ ಮೊದಲ ಖಾಸಗಿ ಸದಸ್ಯರ ಮಸೂದೆ ಯಾವುದು? ಡಿಎಂಕೆಯ ತಿರುಚಿ ಶಿವ ಮಂಡಿಸಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಮಸೂದೆ. ದಿನ 2015ರ ಏಪ್ರಿಲ್ 24. ಲೋಕಸಭೆಯಲ್ಲಿ ಅದು ಪಾಸಾಗಲಿಲ್ಲ. ಸರ್ಕಾರ 2016ರಲ್ಲಿ ತಂದ ತನ್ನದೇ ಮಸೂದೆಯಲ್ಲಿ 'ಪೂರ್ತಿ ಹೆಣ್ಣೂ ಅಲ್ಲದ, ಪೂರ್ತಿ ಗಂಡೂ ಅಲ್ಲದ' ಎಂಬರ್ಥದ ವ್ಯಾಖ್ಯಾನವಿತ್ತು, ಭಿಕ್ಷೆಗೆ ಸಂಬಂಧಿಸಿದ ಶಿಕ್ಷೆಯ ಮಾತಿತ್ತು, ಜಿಲ್ಲೆಗೊಂದು ಪರಿಶೀಲನಾ ಸಮಿತಿಯಿತ್ತು. ಸಮುದಾಯದವರು ಬೀದಿಗಿಳಿದರು. ಮೂರು ವರ್ಷದ ಪ್ರತಿಭಟನೆಯ ನಂತರ 2019ರಲ್ಲಿ ಪಾಸಾದ ಕಾಯ್ದೆಯಲ್ಲಿ ಈ ಮೂರೂ ಇರಲಿಲ್ಲ. ಬೀದಿಯ ಕೂಗು ಸಂಸತ್ತಿಗೆ ಕೇಳಿಸುವುದಿಲ್ಲ ಎನ್ನುವವರಿಗೆ ಇದನ್ನು ತೋರಿಸಬಹುದು.

■ 2019ರಲ್ಲಿ ಬಂದಾಗ ಆ ಕಾಯ್ದೆ ಚೌಕ ತುಂಬುವ ಕೆಲಸವನ್ನು ಹಂಚಿದ್ದ ರೀತಿ ನೋಡಿ. 'ಟ್ರಾನ್ಸ್‌ಜೆಂಡರ್' ಎಂಬ ಗುರುತಿಗೆ ವ್ಯಕ್ತಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಿದರೆ ಸಾಕಿತ್ತು, ದೇಹ ಪರೀಕ್ಷೆ ಬೇಕಿರಲಿಲ್ಲ. ಆದರೆ 'ಗಂಡು' ಅಥವಾ 'ಹೆಣ್ಣು' ಎಂದು ಬದಲಿಸಬೇಕಾದರೆ ಶಸ್ತ್ರಚಿಕಿತ್ಸೆಯ ಬಗ್ಗೆ ವೈದ್ಯಾಧಿಕಾರಿಯ ಪ್ರಮಾಣಪತ್ರ ಬೇಕಿತ್ತು. 2014ರ ತೀರ್ಪು ಗಂಡೋ ಹೆಣ್ಣೋ ತೃತೀಯ ಲಿಂಗಿಯೋ ಎಂದು ತೀರ್ಮಾನಿಸುವುದು ವ್ಯಕ್ತಿಯ ಹಕ್ಕು, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವುದು ಕಾನೂನುಬಾಹಿರ ಎಂದಿತ್ತು. ಕಾಯ್ದೆ ಬಂದ ದಿನದಿಂದ ಎದ್ದ ವಾದವಿವಾದದ ಮುಖ್ಯ ಕಾರಣ ಈ ಅಂತರ.

■ ಆಪರೇಷನ್ನಿನ ಷರತ್ತು ಭಾರತದ್ದೊಂದೇ ಅಲ್ಲ. ಕಾನೂನಿನಲ್ಲಿ ಲಿಂಗದ ಗುರುತು ಬದಲಿಸಲು 1972ರಲ್ಲೇ ಅವಕಾಶ ಕೊಟ್ಟ ಸ್ವೀಡನ್, ಅದಕ್ಕೆ ಸಂತಾನಹರಣ ಚಿಕಿತ್ಸೆಯ ಷರತ್ತು ಹಾಕಿತ್ತು. 2013ರವರೆಗೂ ಅದು ಮುಂದುವರಿಯಿತು. 2018ರಲ್ಲಿ ಸಂಸತ್ತು ನೊಂದವರಿಗೆ ತಲಾ 2,25,000 ಕ್ರೋನರ್ ಪರಿಹಾರಕ್ಕೆ ಒಪ್ಪಿತು. ಜಪಾನಿನ ಸುಪ್ರೀಂ ಕೋರ್ಟ್ ಇಂಥದೇ ಷರತ್ತನ್ನು 2023ರ ಅಕ್ಟೋಬರ್ 25ರಂದು ಸಂವಿಧಾನಬಾಹಿರ ಎಂದಿತು. ಕಾಗದದಲ್ಲಿ ಒಂದಕ್ಷರ ಬದಲಿಸಲು ಮಕ್ಕಳಾಗುವ ಶಕ್ತಿಯನ್ನೇ ಬಿಟ್ಟುಕೊಡು ಎನ್ನುವುದು ಕ್ರೌರ್ಯ, ಅದಕ್ಕೆ ಬೇರೆ ಹೆಸರಿಲ್ಲ. ಅರ್ಜೆಂಟೀನಾ 2012ರಲ್ಲೇ ಡಾಕ್ಟರ್, ಜಡ್ಜ್ ಯಾರೂ ಬೇಡ, ವ್ಯಕ್ತಿಯ ಕೋರಿಕೆ ಸಾಕು ಎಂಬ ಕಾಯ್ದೆ ಮಾಡಿತು. ಜರ್ಮನಿ ಆ ದಾರಿಗೆ ಬಂದಿದ್ದು 2024ರ ನವೆಂಬರಿನಲ್ಲಿ.

■ ನಮ್ಮ ನೆರೆಯ ನೇಪಾಳದ ಸುಪ್ರೀಂ ಕೋರ್ಟ್ ತೃತೀಯ ಲಿಂಗವನ್ನು ಮಾನ್ಯ ಮಾಡಿದ್ದು 2007ರಲ್ಲಿ, ನಮಗಿಂತ ಏಳು ವರ್ಷ ಮೊದಲು. ಪಾಕಿಸ್ತಾನ 2018ರಲ್ಲಿ ಸ್ವಯಂ ಘೋಷಣೆಗೆ ಅವಕಾಶ ಕೊಡುವ ಕಾಯ್ದೆ ಮಾಡಿತು. 2023ರ ಮೇ ತಿಂಗಳಲ್ಲಿ ಅಲ್ಲಿನ ಫೆಡರಲ್ ಶರಿಯತ್ ಕೋರ್ಟ್ ಅದರ ಮುಖ್ಯ ಭಾಗಗಳನ್ನು ತಳ್ಳಿಹಾಕಿತು.

■ ಹಿಮಾಚಲದ ಡಾಲ್‌ಹೌಸಿಯಲ್ಲಿ 1962ರಲ್ಲಿ ತೀರಿಕೊಂಡ ಬೌದ್ಧ ಸಾಧಕರೊಬ್ಬರ ಕಥೆ ಕೇಳಿ. ಮೈಕೇಲ್ ಡಿಲನ್ ಹುಟ್ಟಿದ್ದು ಹೆಣ್ಣಾಗಿ, ಇಂಗ್ಲೆಂಡಿನಲ್ಲಿ. 1944ರಲ್ಲಿ ಜನನ ದಾಖಲೆಯಲ್ಲಿ ಗಂಡು ಎಂದು ತಿದ್ದಿಸಿಕೊಂಡರು, ವೈದ್ಯಕೀಯ ಓದಿದರು, ಹಡಗಿನ ಡಾಕ್ಟರಾದರು. ಅವರ ಅಣ್ಣ ಐರ್ಲೆಂಡಿನ ಒಂದು ಮನೆತನದ ಬ್ಯಾರೊನೆಟ್. ಆ ಬಿರುದು ಗಂಡಸರಿಗೆ ಮಾತ್ರ ಇಳಿಯುವಂಥದ್ದು. ಶ್ರೀಮಂತ ಮನೆತನಗಳ ವಂಶಾವಳಿ ಅಚ್ಚು ಹಾಕುವ ಎರಡು ಪುಸ್ತಕಗಳಿದ್ದವು. ಡೆಬ್ರೆಟ್ಸ್ ಮೈಕೇಲ್‌ರನ್ನು ತಮ್ಮನೆಂದೂ ವಾರಸುದಾರನೆಂದೂ ತಿದ್ದಿ ಅಚ್ಚು ಹಾಕಿತು. ಬರ್ಕ್ಸ್ ಹಳೆಯ ಹಾಗೆ ತಂಗಿಯೆಂದೇ ಉಳಿಸಿಕೊಂಡಿತು. 1958ರಲ್ಲಿ ಈ ವ್ಯತ್ಯಾಸ ಪತ್ರಿಕೆಯವರ ಕಣ್ಣಿಗೆ ಬಿತ್ತು. ಊರೆಲ್ಲ ಸುದ್ದಿಯಾದ ಮೇಲೆ ಅವರು ಹಡಗು ಬಿಟ್ಟು ಭಾರತಕ್ಕೆ ಬಂದು ಬೌದ್ಧ ದೀಕ್ಷೆಯ ದಾರಿ ಹಿಡಿದರು. ಯಾವ ಆಸ್ತಿಗೂ ಕೈ ಚಾಚದ ಮನುಷ್ಯನನ್ನು ಬೇಟೆಯಾಡಿದ ಆ ಪತ್ರಿಕಾ ವೃತ್ತಿ ನನ್ನದೂ ಹೌದಲ್ಲ ಎಂದು ಇದನ್ನು ಓದಿದಾಗಲೆಲ್ಲ ಮನಸ್ಸು ಕುಗ್ಗುತ್ತದೆ.

ಬ್ರಿಟನ್ 2004ರಲ್ಲಿ ಲಿಂಗತ್ವ ಮಾನ್ಯತೆಯ ಕಾಯ್ದೆ ಮಾಡಿದಾಗಲೂ, ಅದರ 16ನೇ ಕಲಂ ಮಾನ್ಯತೆ ಸಿಕ್ಕರೂ ವಂಶದ ಬಿರುದುಗಳು ಇಳಿಯುವ ಕ್ರಮ ಬದಲಾಗದು ಎಂದು ಹೇಳಿತು.

■ ಈಗ 2025ರ ಬ್ರಿಟನ್ ತೀರ್ಪಿನ ಒಳಗೆ ಸ್ವಲ್ಪ ಇಳಿಯೋಣ. ಜಗಳ ಶುರುವಾಗಿದ್ದು ಸ್ಕಾಟ್ಲೆಂಡಿನ 2018ರ ಒಂದು ಕಾಯ್ದೆಯಿಂದ. ಸರ್ಕಾರಿ ಮಂಡಳಿಗಳಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂಬ ಗುರಿ ಅದರದ್ದು. ಆ ಲೆಕ್ಕದಲ್ಲಿ ಟ್ರಾನ್ಸ್ ಮಹಿಳೆಯರು ಸೇರುತ್ತಾರೋ ಇಲ್ಲವೋ ಎಂದು ಒಂದು ಮಹಿಳಾ ಸಂಘಟನೆ ಕೋರ್ಟಿಗೆ ಹೋಯಿತು. ಹುಟ್ಟಿನ ಲಿಂಗವೇ ಆಧಾರ ಎಂದ ಅದೇ ತೀರ್ಪು, ಲಿಂಗ ಪರಿವರ್ತನೆಯ ಕಾರಣಕ್ಕೆ ತಾರತಮ್ಯ ಮಾಡುವುದು ಈಗಲೂ ಅದೇ ಕಾಯ್ದೆಯಡಿ ತಪ್ಪು ಎಂದೂ ಹೇಳಿದೆ. ತೀರ್ಪು ಓದಿದ ಲಾರ್ಡ್ ಹಾಜ್, ಇದನ್ನು ಒಂದು ಗುಂಪಿನ ಮೇಲೆ ಇನ್ನೊಂದು ಗುಂಪಿನ ಗೆಲುವೆಂದು ನೋಡಬೇಡಿ ಎಂದು ಎಚ್ಚರಿಸಿದರು.

ಹೊಡೆತ ತಿಂದು ಓಡಿಬಂದ ಹೆಂಗಸರ ಆಶ್ರಯ ತಾಣ, ಜೈಲಿನ ಮಹಿಳಾ ವಿಭಾಗ, ಆಸ್ಪತ್ರೆಯ ವಾರ್ಡುಗಳ ಬಗ್ಗೆ ಮಹಿಳೆಯರು ಕೇಳುವ ಪ್ರಶ್ನೆಗಳು ದ್ವೇಷದಿಂದಲೇ ಹುಟ್ಟಿದವಲ್ಲ. ಹಾಗೆಯೇ, ಗಂಡಸರ ಸೆಲ್ಲಿಗೆ ದೂಡಿಸಿಕೊಂಡ ಟ್ರಾನ್ಸ್ ಮಹಿಳೆಯ ಪಾಡು ಏನಾಗುತ್ತದೆಂದು ಬೆಂಗಳೂರಿನ ಹಳೆಯ ವರದಿಗಳನ್ನು ಓದಿದವರಿಗೆ ಗೊತ್ತು. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳದೆ ಮಾಡುವ ಯಾವ ನಿಯಮವೂ ಬಾಳಲಾರದು ಎಂಬುದು ನನ್ನ ನಂಬಿಕೆ.

■ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಹದಿಹರೆಯದ ಮಕ್ಕಳದು. ಪ್ರೌಢಾವಸ್ಥೆಯ ಬದಲಾವಣೆ ತಡೆಯುವ ಔಷಧ, ಹಾರ್ಮೋನುಗಳನ್ನು ಹದಿನೆಂಟರೊಳಗಿನವರಿಗೆ ಲಿಂಗ ಪರಿವರ್ತನೆಗಾಗಿ ಕೊಡಬಾರದೆಂಬ ಟೆನೆಸ್ಸಿ ರಾಜ್ಯದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2025ರ ಜೂನ್ 18ರಂದು ಆರು-ಮೂರರ ಬಹುಮತದಿಂದ ಎತ್ತಿಹಿಡಿಯಿತು. ಬ್ರಿಟನ್ನಿನಲ್ಲಿ ಡಾ. ಹಿಲರಿ ಕ್ಯಾಸ್ 2024ರಲ್ಲಿ ಕೊಟ್ಟ ವರದಿ, ಈ ಚಿಕಿತ್ಸೆಗಳಿಗಿರುವ ವೈದ್ಯಕೀಯ ಪುರಾವೆ ದುರ್ಬಲ ಎಂದಿತು. ಅಮೆರಿಕದ ಪ್ರಮುಖ ವೈದ್ಯ ಸಂಘಟನೆಗಳು ಅದೇ ಹೊತ್ತಿನಲ್ಲಿ ಇಂಥ ನಿಷೇಧಗಳನ್ನು ವಿರೋಧಿಸಿದವು. ಬಲ್ಲವರೇ ಹೀಗೆ ಬೇರೆಯಾಗಿ ನಿಂತಿರುವಾಗ, ವಾಟ್ಸ್ಆಪ್ ಓದಿ ತೀರ್ಪು ಕೊಡುವುದನ್ನು ನಾವಾದರೂ ಬಿಡೋಣ.

■ ಕ್ರೀಡೆಗೆ ಬರೋಣ. ತಮಿಳುನಾಡಿನ ಪುದುಕ್ಕೋಟ್ಟೈ ಕಡೆಯ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 800 ಮೀಟರ್ ಓಡಿ ಬೆಳ್ಳಿ ಗೆದ್ದರು. ಲಿಂಗ ಪರೀಕ್ಷೆಯ ನೆಪದಲ್ಲಿ ಪದಕ ಕಿತ್ತುಕೊಳ್ಳಲಾಯಿತು. 2014ರಲ್ಲಿ ಒಡಿಶಾದ ದ್ಯುತಿ ಚಂದ್‌ಗೂ ಕಾಮನ್‌ವೆಲ್ತ್ ಕ್ರೀಡಾಕೂಟದ ಬಾಗಿಲು ಮುಚ್ಚಿತು, ರಕ್ತದಲ್ಲಿ ಟೆಸ್ಟೋಸ್ಟಿರಾನ್ ಹೆಚ್ಚಿದೆ ಎಂಬ ಕಾರಣಕ್ಕೆ. ಈ ಇಬ್ಬರೂ ಲಿಂಗ ಬದಲಿಸಿಕೊಂಡವರಲ್ಲ. ಹುಡುಗಿಯರಾಗಿ ಹುಟ್ಟಿ, ಹುಡುಗಿಯರಾಗಿ ಬೆಳೆದು, ಹುಡುಗಿಯರಾಗಿ ಓಡಿದವರು. ಟ್ರಾನ್ಸ್ ಕ್ರೀಡಾಪಟುಗಳ ಚರ್ಚೆಗೆ ಇವರ ಹೆಸರು ಎಳೆದು ತರುವುದು ದೊಡ್ಡ ಅನ್ಯಾಯ.

ಶಾಂತಿಗೆ ವಾದಿಸುವವರಿರಲಿಲ್ಲ. ದ್ಯುತಿ ಹೋರಾಡಿದರು. ಕ್ರೀಡಾ ಪಂಚಾಯ್ತಿ ನ್ಯಾಯಾಲಯ 2015ರ ಜುಲೈನಲ್ಲಿ ಆ ನಿಯಮವನ್ನೇ ಅಮಾನತಿನಲ್ಲಿಟ್ಟಿತು. ಹೆಚ್ಚಿನ ಹಾರ್ಮೋನಿನಿಂದ ಎಷ್ಟು ಅನುಕೂಲವಾಗುತ್ತದೆಂದು ಮೊದಲು ಸಾಬೀತು ಮಾಡಿ ಎಂದಿತು. 2018ರಲ್ಲಿ ಬಂದ ಹೊಸ ನಿಯಮ 400 ಮೀಟರಿನಿಂದ ಒಂದು ಮೈಲಿವರೆಗಿನ ಓಟಗಳಿಗೆ ಸೀಮಿತವಾಯಿತು. 100, 200 ಮೀಟರಿನ ದ್ಯುತಿ ಪಾರಾದರು, 800 ಮೀಟರಿನ ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾ ಸಿಕ್ಕಿಬಿದ್ದರು. 2025ರ ಸೆಪ್ಟೆಂಬರ್ 1ರಿಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮಹಿಳಾ ವಿಭಾಗಕ್ಕೆ ಎಸ್‌ಆರ್‌ವೈ ಎಂಬ ವೈ ವರ್ಣತಂತುವಿನ ಜೀನ್ ಇದೆಯೇ ಎಂಬ ಪರೀಕ್ಷೆ ಕಡ್ಡಾಯ ಮಾಡಿದೆ. ಗಂಡಿನ ಪ್ರೌಢಾವಸ್ಥೆ ದೇಹಕ್ಕೆ ಕೊಡುವ ಬಲ ಸುಳ್ಳಲ್ಲ, ಮಹಿಳಾ ವಿಭಾಗ ಇರುವುದೇ ಆ ಕಾರಣಕ್ಕೆ. ಆದರೆ 1996ರ ಅಟ್ಲಾಂಟಾ ಒಲಿಂಪಿಕ್ಸನ್ನು ನೆನೆಯಬೇಕು. ಆಗಿನ ಜೀನ್ ಪರೀಕ್ಷೆಯಲ್ಲಿ ಎಂಟು ಮಹಿಳೆಯರು 'ಫೇಲ್' ಆದರು, ಪರಿಶೀಲಿಸಿದ ಮೇಲೆ ಎಂಟು ಮಂದಿಗೂ ಸ್ಪರ್ಧಿಸಲು ಅನುಮತಿ ಸಿಕ್ಕಿತು. ಸಿಡ್ನಿ ಒಲಿಂಪಿಕ್ಸ್ ಬರುವ ಮೊದಲೇ ಎಲ್ಲರಿಗೂ ಮಾಡುವ ಆ ಪರೀಕ್ಷೆಯನ್ನು ಕೈಬಿಡಲಾಯಿತು.

■ ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ, 2021ರ ಜುಲೈನಲ್ಲಿ. ಪೊಲೀಸ್ ಕಾನ್‌ಸ್ಟೆಬಲ್ ನೇಮಕದ ಪ್ರಕಟಣೆಯಲ್ಲಿ ಗಂಡು, ಹೆಣ್ಣು ಎರಡೇ ಕಾಲಂ ಇದ್ದದ್ದನ್ನು 'ಸಂಗಮ' ಸಂಸ್ಥೆ ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದರ ಫಲ ಇದು.

ಇದು ಸಮತಳ ಮೀಸಲಾತಿ ಎಂಬುದು ಬಹಳ ಮುಖ್ಯ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನೆಲ್ಲ ಹಿಂದುಳಿದ ವರ್ಗವೆಂದು ಒಂದೇ ಪಟ್ಟಿಗೆ ಹಾಕಿದ್ದರೆ ದಲಿತ ಟ್ರಾನ್ಸ್ ಮಹಿಳೆ ಒಂದೋ ಜಾತಿಯ ಮೀಸಲಾತಿ ಬಿಡಬೇಕಿತ್ತು, ಇಲ್ಲವೇ ಲಿಂಗತ್ವದ ಮೀಸಲಾತಿ ಬಿಡಬೇಕಿತ್ತು. ನಮ್ಮ ನಿಯಮದಲ್ಲಿ ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಪ್ರತಿಯೊಂದರ ಒಳಗೂ ಶೇ 1. ಎರಡು ಹೊರೆ ಹೊತ್ತವರಿಗೆ ಎರಡರ ಲೆಕ್ಕವೂ ಸಿಗುತ್ತದೆ. ಅರ್ಹರು ಸಿಗದಿದ್ದರೆ ಹುದ್ದೆ ಅದೇ ವರ್ಗದ ಗಂಡಿಗೋ ಹೆಣ್ಣಿಗೋ ಹೋಗುತ್ತದೆ, ಯಾರಿಗೂ ನಷ್ಟವಿಲ್ಲ.

■ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಮಹಿಳೆಯರಿಗಷ್ಟೇ ಅಲ್ಲ, ರಾಜ್ಯದ ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೆ. ಕಂಡಕ್ಟರ್ ಮುಂದೆ ಕಾರ್ಡ್ ಚಾಚಿ, ಸುತ್ತಲಿನ ಸೀಟುಗಳ ಕಣ್ಣು ತಮ್ಮ ಮೇಲೆ ತಿರುಗುವುದನ್ನು ಸಹಿಸಿಕೊಂಡು ಶೂನ್ಯ ದರದ ಟಿಕೆಟ್ ಪಡೆಯುವವರಿಗೆ ಒಂದು ಸೀಟು ಸರಿದು ಕೊಡಲು ಯಾವ ಕಾನೂನೂ ಬೇಕಿಲ್ಲ.

■ ಆಧಾರ್, ಪಾಸ್‌ಪೋರ್ಟ್ ಬದಲಾದರೂ ಜನನ ಪ್ರಮಾಣಪತ್ರ ಬದಲಾಗದಿದ್ದರೆ? 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಅವಕಾಶವಿಲ್ಲ ಎಂಬ ಉತ್ತರ ಸಿಕ್ಕಿದ ವ್ಯಕ್ತಿಯೊಬ್ಬರು ಕರ್ನಾಟಕ ಹೈಕೋರ್ಟಿಗೆ ಹೋದರು. 2024ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್, ತಿದ್ದಿದ ಪ್ರಮಾಣಪತ್ರ ಕೊಡಿ ಎಂದು ಆದೇಶಿಸಿದರು. ಕಾನೂನು ತಿದ್ದುಪಡಿಯಾಗುವವರೆಗೆ ಹಳೆಯ ಹೆಸರು, ಲಿಂಗ ಮತ್ತು ಹೊಸ ಹೆಸರು, ಲಿಂಗ ಎರಡನ್ನೂ ದಾಖಲಿಸುವ ವ್ಯವಸ್ಥೆ ಮಾಡಿದರು. ಪ್ರಮಾಣಪತ್ರ ಸಿಕ್ಕಿತು, ನಿಜ. ಆದರೆ ಅದನ್ನು ತೋರಿಸಿದ ಕಡೆಯಲ್ಲೆಲ್ಲ ಬಿಟ್ಟುಬಂದ ಹೆಸರೂ ಜೊತೆಗೇ ಬರುತ್ತದೆ. ಇದು ಪೂರ್ತಿ ಪರಿಹಾರವಲ್ಲ ಎಂದು ನನಗನ್ನಿಸುತ್ತದೆ.

■ ಕೊನೆಯದು, ಹೆಚ್ಚು ಜನಕ್ಕೆ ತಿಳಿಯಲೇಬೇಕಾದದ್ದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ತನ್ನ ವ್ಯಾಖ್ಯಾನದಲ್ಲಿ ಗಂಡು, ಹೆಣ್ಣಿನ ಜೊತೆ ಟ್ರಾನ್ಸ್‌ಜೆಂಡರನ್ನೂ ಹೆಸರಿಸುತ್ತದೆ. ಒಳ್ಳೆಯದೇ. ಆದರೆ ಅತ್ಯಾಚಾರದ ಕಲಂ ಹಿಂದಿನಂತೆ ಗಂಡಿನಿಂದ ಹೆಣ್ಣಿನ ಮೇಲೆ ನಡೆಯುವ ಕೃತ್ಯಕ್ಕೆ ಸೀಮಿತ. ಹಳೆಯ ದಂಡ ಸಂಹಿತೆಯ 377ನೇ ಕಲಂ ಪೂರ್ತಿ ಹೋಗಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತ ಸಂಬಂಧವನ್ನಷ್ಟೇ ಅಪರಾಧದಿಂದ ಹೊರಗಿಟ್ಟು, ಒಪ್ಪಿಗೆಯಿಲ್ಲದ ಕೃತ್ಯಕ್ಕೆ ಆ ಕಲಮನ್ನು ಉಳಿಸಿತ್ತು. ಹೊಸ ಸಂಹಿತೆ ಅದನ್ನೂ ಕೈಬಿಟ್ಟಿತು. ವಯಸ್ಕ ಗಂಡಸಿನ ಮೇಲೋ ಟ್ರಾನ್ಸ್ ವ್ಯಕ್ತಿಯ ಮೇಲೋ ಇಂಥ ದೌರ್ಜನ್ಯ ನಡೆದರೆ ಪೊಲೀಸರು ಹಲ್ಲೆ, ಗಾಯದ ಕಲಮುಗಳನ್ನು ಹುಡುಕಬೇಕು. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಲೈಂಗಿಕ ದೌರ್ಜನ್ಯಕ್ಕೆ ಇಟ್ಟ ಶಿಕ್ಷೆ ಆರು ತಿಂಗಳಿನಿಂದ ಎರಡು ವರ್ಷ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಹತ್ತು ವರ್ಷ, ಜೀವಾವಧಿಯವರೆಗೂ ಹೋಗಬಹುದು.

2024ರ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟ್ ಈ ಕೊರತೆಯ ಬಗ್ಗೆ ತೀರ್ಮಾನ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಅಕ್ಟೋಬರಿನಲ್ಲಿ ಇದೇ ದೂರು ಸುಪ್ರೀಂ ಕೋರ್ಟಿಗೆ ಹೋದಾಗ, ಹೊಸ ಅಪರಾಧವನ್ನು ಸೃಷ್ಟಿಸುವುದು ಕೋರ್ಟಿನ ಕೆಲಸವಲ್ಲ, ಸಂಸತ್ತಿನದು ಎಂದು ಪೀಠ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ನಿಮ್ಮ ಕ್ಷೇತ್ರದ ಸಂಸದರು ಮುಂದಿನ ಸಲ ಊರಿಗೆ ಬಂದಾಗ ಕೈಬಿಟ್ಟ ಆ ಕಲಮಿನ ಬಗ್ಗೆ ಕೇಳಿ.